ಹೊನ್ನಗಡ್ಡಿಯ ಮರುಕೂಗು

ಈ ಕಥೆಯನ್ನು ಮೊದಲು ಹೇಳಿದವಳು ಹೊನ್ನಗಡ್ಡಿಯ ಎದುರುದಂಡೆಯಲ್ಲಿ ಬುಟ್ಟಿ ಹೆಣೆಯುವ ಸಿದ್ಲಿಂಗವ್ವ. ಹೇಳಿದ್ದು ಹತ್ತನೆಯ ತರಗತಿಯ ಅರ್ಹತೆಯ ನಿಯಮ ಮೂರನೆಯ ಸಲ ಬದಲಾದ ಮರುವರ್ಷ, ಹೊಳೆ ಇಳಿದಿದ್ದ ಕಾಲದಲ್ಲಿ, ಶೇಂಗಾ ಸುಲಿಯಲು ಕೂತವರ ನಡುವೆ. ಅವಳಿಂದ ಕೇಳಿದವರು ತಮ್ಮ ತಮ್ಮ ಊರಿಗೆ ಒಯ್ದು ಒಂದಿಷ್ಟು ಸೇರಿಸಿದ್ದಾರೆ, ಒಂದಿಷ್ಟು ಬಿಟ್ಟಿದ್ದಾರೆ. ಮೇಲಿನ ಊರುಗಳ ಹೇಳಿಕೆಯಲ್ಲಿ, ಕಥೆಯೊಳಗೆ ಬರುವ ಬ್ಯಾರೇಜಿನ ಎಂಜಿನಿಯರು ಕೆಟ್ಟವನು. ಕೆಳಗಿನ ಊರುಗಳಲ್ಲಿ ಅವನು ಬರೀ ಹೆದರಿದವನು. ಇಲ್ಲಿ ಸಿದ್ಲಿಂಗವ್ವನ ಕ್ರಮವನ್ನೇ ಇಟ್ಟುಕೊಂಡಿದೆ.

ಹೊನ್ನಗಡ್ಡಿಯೆಂದರೆ ಕೃಷ್ಣೆ ಎರಡು ಸೀಳಾಗಿ ಹರಿದು ಮತ್ತೆ ಕೂಡುವ ಕಡೆ ನಡುವೆ ಉಳಿದ ನೆಲ. ಸೇತುವೆಯ ನಕ್ಷೆ ಹಲವು ಸಲ ಬಂದಿತ್ತು, ಸೇತುವೆ ಬಂದಿರಲಿಲ್ಲ. ದಾಟಬೇಕಾದರೆ ಹರಗೋಲೇ ಗತಿ. ಮೇಲೆ ಬ್ಯಾರೇಜು ಕಟ್ಟಿದ ಮೇಲೆ ಹೊಳೆಯ ನೀರು ಮಳೆಯನ್ನು ಕೇಳಿ ಬರುವುದನ್ನು ಬಿಟ್ಟು ಗೇಟನ್ನು ಕೇಳಿ ಬರತೊಡಗಿತು. ಅದಕ್ಕೆ ಅಂಬಿಗರು ತಮ್ಮ ಹಳೆಯ ಕಟ್ಟಳೆಯೊಂದನ್ನು ಬಿಗಿ ಮಾಡಿಕೊಂಡರು. ಗಡ್ಡಿಯ ಬಂಡೆಯ ಮೇಲೆ ಒಬ್ಬರು ನಿಂತು ನೀರಿನ ಸುದ್ದಿಯನ್ನು ಕೂಗಬೇಕು. ಎದುರುದಂಡೆಯಿಂದ ಇನ್ನೊಬ್ಬರು ಮರುಕೂಗು ಕೊಡಬೇಕು. ಎರಡೂ ಮಾತಿಗೆ ಮಾತು ಕೂಡಿದರೆ ಹರಗೋಲು ನೀರಿಗಿಳಿಯುತ್ತದೆ. ಕೂಡದಿದ್ದರೆ ಹುಟ್ಟು ನೆಲದ ಮೇಲೆ. ಗಾಳಿ ಅರ್ಧ ಮಾತನ್ನು ನುಂಗುತ್ತಿದ್ದ ದಿನಗಳಲ್ಲಿ ಹುಟ್ಟಿದ ಕಟ್ಟಳೆ ಇದು. ಎಲ್ಲರ ಕೈಗೂ ಫೋನು ಬಂದ ಮೇಲೂ ಅಂಬಿಗರು ಅದನ್ನು ಬಿಟ್ಟಿರಲಿಲ್ಲ.

ಆ ಗಡ್ಡಿಯಲ್ಲಿ ಅಯ್ಯಾಳಮ್ಮ ಎಂಬವಳಿದ್ದಳು. ಹತ್ತನೆಯ ತರಗತಿಯ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಗಣಿತದಲ್ಲಿ ಬಿದ್ದವಳು. ಅವಳ ಒಬ್ಬಳೇ ಮಗಳು ತನುಜಾ ಮೊದಲ ಸಲಕ್ಕೇ ಪಾಸಾದಾಗ ಓಣಿಗೆಲ್ಲ ಸಕ್ಕರೆ ಹಂಚಿದಳು. ಹಂಚುತ್ತಿದ್ದ ಕೈ ಹಂಚುತ್ತಿತ್ತು, ಮನಸ್ಸು ಮಾತ್ರ ಎಲ್ಲೋ ಒಂದು ಕಡೆ ನಿಂತು ನೋಡುತ್ತಿತ್ತು. ಮಗಳು ಪುಸ್ತಕ ಹಿಡಿದು ಬೆವರಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಪುಸ್ತಕವೇ ಇರಲಿಲ್ಲ; ಇದ್ದದ್ದು ಪುಟ.

ಪುಟವೆಂದರೆ ಅಂಗೈ ಎರಡರಷ್ಟು ಅಗಲದ, ಹಾಳೆಯಂತೆ ಬಾಗುವ ಫಲಕ. ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಣ್ಣುಗಳಿದ್ದವು. ಓದುವವರ ನೋಟ ಯಾವ ಪದದ ಮೇಲೆ ನಿಂತಿತು, ಯಾವುದರಿಂದ ಹಿಂದಕ್ಕೆ ಸರಿಯಿತು ಎಂಬುದನ್ನು ಅವು ನೋಡಿಕೊಳ್ಳುತ್ತಿದ್ದವು. ತಡವರಿಸಿದ ಪದ ಕರಗಿ ಅಲ್ಲಿ ಸುಲಭದ್ದೊಂದು ಮೂಡುತ್ತಿತ್ತು. ಇಂಥ ಪುಟದ ಮೇಲೆ ಪರೀಕ್ಷೆ ನಡೆಸಲು ಮಂಡಳಿ ಒಪ್ಪಿದಾಗ ಹಳ್ಳಿಯ ಮಕ್ಕಳು ಇನ್ನು ಹಿಂದೆ ಬೀಳುವುದಿಲ್ಲವೆಂದು ಎಲ್ಲರೂ ಕೊಂಡಾಡಿದರು. ಮೊದಲ ವರ್ಷ ಕಠಿಣ ಪದಕ್ಕೆ ಮಾತ್ರ ಪುಟದ ನೆರವು ಎಂಬ ನಿಯಮವಿತ್ತು. ಮರುವರ್ಷ ಸಂಖ್ಯೆಗೂ ನೆರವು ಸಂದಿತು. ಮೂರನೆಯ ವರ್ಷ ನೆರವಿಗೆ ಮಿತಿ ಇರತಕ್ಕದ್ದಲ್ಲ ಎಂದಾಯಿತು. ಪುಟ ಕೊನೆಗೆ ತೋರಿಸಿದ್ದು ವಿದ್ಯಾರ್ಥಿಗೆ ತಿಳಿದರೆ ಅವನಿಗೆ ಓದು ಬರಹ ಲೆಕ್ಕ ಮೂರೂ ಬಂದಂತೆ. ಆ ವರ್ಷ ಇಡೀ ತಾಲ್ಲೂಕಿನಲ್ಲಿ ಒಬ್ಬರೂ ಬೀಳಲಿಲ್ಲ. ತನುಜಾ ಆ ವರ್ಷದವಳು.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅಯ್ಯಾಳಮ್ಮ ಮಗಳ ಹೆಗಲ ಮೇಲಿಂದ ಪುಟಕ್ಕೆ ಇಣುಕಿದಳು. ಊರಿನ ಆಸ್ಪತ್ರೆಯ ಸುದ್ದಿಯೊಂದಿತ್ತು. ಅವಳು ನೋಡುತ್ತಿದ್ದಂತೆ ‘ತಾತ್ಕಾಲಿಕವಾಗಿ ಸ್ಥಗಿತ’ ಎಂಬುದು ಅಳಿಸಿ ‘ಇಲ್ಲ’ ಎಂದಾಯಿತು.

“ಏನಾತು ಅಲ್ಲಿ? ಆಸ್ಪತ್ರಿ ಸ್ವಲ್ಪ ದಿನ ಮುಚ್ಚೇದ ಅಂತಿತ್ತು. ಈಗ ಆಸ್ಪತ್ರಿನೇ ಇಲ್ಲ ಅಂತದ!”

“ಎರಡೂ ಒಂದೇ ಅಲ್ಲೇನವ್ವಾ.”

“ಒಂದೇ ಹೆಂಗಾಗ್ತದ ಲೇ? ನಾನು ಪ್ಯಾಟಿಗಿ ಹೋಗೀನಿ ಅನ್ನೋದೂ ಸತ್ತೀನಿ ಅನ್ನೋದೂ ಒಂದೇ ಏನು?”

“ನಿನಗ ನಾ ಪಾಸಾಗಿದ್ದು ನೋಡಾಕ ಆಗವಲ್ದು,” ಎಂದು ತನುಜಾ ನಕ್ಕಳು. “ಮೂರು ಸಲ ಬಿದ್ದಾಕಿ ನೀನು. ಹೊಟ್ಟಿ ಉರೀತದ.”

ಮಗಳು ತಮಾಷೆಗೆ ಹೇಳಿದ್ದು. ಆದರೆ ಆ ಮಾತು ಅಯ್ಯಾಳಮ್ಮನ ಒಳಗೆ ಮುಳ್ಳಾಗಿ ಕೂತಿತು. ಇದು ನಿಜವಾಗಿಯೂ ಹೊಟ್ಟೆಕಿಚ್ಚೇ ಇದ್ದೀತೆ ಎಂದು ತನ್ನನ್ನೇ ಅನುಮಾನಿಸಿದಳು. ಹಾಗೆ ಅನುಮಾನಿಸಿಕೊಂಡವಳು ಪುಟದ ಮಾತನ್ನು ಮತ್ತೆ ಎತ್ತಲಿಲ್ಲ.

ಆ ಮಳೆಗಾಲಕ್ಕೆ ನೀರಾವರಿಯವರು ಹೊಸ ಆದೇಶ ತಂದರು. ನೀರಿನ ಸುದ್ದಿ ಕೂಗುವವರು ಹತ್ತನೆಯ ತರಗತಿ ಪಾಸಾಗಿರಲೇಬೇಕು. ಸುದ್ದಿ ಬ್ಯಾರೇಜಿನಿಂದ ನೇರವಾಗಿ ಪುಟಕ್ಕೆ ಬರುತ್ತದೆ. ಗಡ್ಡಿಯ ಹಳೆಯ ಕೂಗುಗಾರ ಹುಲುಗಪ್ಪನಿಗೆ ಶಾಲೆಯ ಮೆಟ್ಟಿಲೂ ಗೊತ್ತಿರಲಿಲ್ಲ. ಅವನ ಬಂಡೆಯ ಮೇಲೆ ತನುಜಾ ನಿಂತಳು. ಎದುರುದಂಡೆಗೆ ಪಂಚಾಯ್ತಿ ಸದಸ್ಯನ ಮಗ ಮೌನೇಶ ಬಂದ. ಹೆಸರು ಮೌನೇಶ, ಉದ್ಯೋಗ ಕೂಗುವುದು ಎಂದು ಹೆಂಗಸರು ಅವನನ್ನು ಕಾಡುತ್ತಿದ್ದರು.

ಆರಂಭದ ಸುದ್ದಿಗಳು ಸಣ್ಣವು. ನಾಳೆ ನೀರಿಲ್ಲ, ಇವತ್ತು ನೀರಿಲ್ಲ. ಕೂಗು ಕೂಡುತ್ತಿತ್ತು, ಹರಗೋಲು ಓಡಾಡುತ್ತಿತ್ತು. ಶ್ರಾವಣದಲ್ಲಿ ಒಂದು ದಿನ ಮೂರು ಗಂಟೆ ದಾಟಿದ ಹೊತ್ತಿಗೆ, ಹತ್ತಿ ಹೊಲಕ್ಕೆ ಕಳೆ ತೆಗೆಯಲು ಹೋದ ಹೆಂಗಸರು ಎದುರುದಂಡೆಯಲ್ಲಿ ಹರಗೋಲಿಗೆ ಕಾದು ನಿಂತಿದ್ದರು. ಪುಟಕ್ಕೆ ಮಧ್ಯಾಹ್ನವೇ ಉದ್ದನೆಯ ಸುದ್ದಿ ಬಂದಿತ್ತು. ತನುಜಾ ಓದಿದಳು, ಎದೆ ತುಂಬ ಗಾಳಿ ಎಳೆದು ಕೂಗಿದಳು:

“ಮಧ್ಯಾಹ್ನದ ಮ್ಯಾಲ ನೀರು ಬಿಡ್ತಾರ! ಸಂಜಿ ಒಳಗ ದಾಟ್ರೀ!”

ಆಚೆಯಿಂದ ಮೌನೇಶನ ಮರುಕೂಗು ಬಂತು:

“ಇವತ್ತು ನೀರು ಹೆಚ್ಚು! ನೋಡಿಕೊಂಡು ದಾಟ್ರೀ!”

ಹರಗೋಲಿನ ಹಿರಿಯ ಯಂಕೋಬ ಕಿವಿಗೆ ಕೈ ಇಟ್ಟು ಇನ್ನೊಂದು ಸಲ ಕೂಗಿಸಿದ. ಮತ್ತೆ ಅದೇ ಎರಡು ಬೇರೆ ಮಾತುಗಳು. ಅವನು ಹುಟ್ಟನ್ನು ನೆಲಕ್ಕಿಟ್ಟು ಅದರ ಪಕ್ಕ ಕೂತುಬಿಟ್ಟ.

“ಏ ಮುದುಕಾ, ಮನ್ಯಾಗ ಕೂಸು ಅಳಾಕತ್ತಿರ್ತದ, ಎದ್ದೇಳು!”

“ಕೂಗು ಕೂಡಿಲ್ಲವ್ವಾ.”

“ಹುಡುಗೂರ ಬಾಯಿ ತಪ್ಪಿರ್ತಾವ. ಅದಕ್ಕ ನಾವ್ ಇಲ್ಲೇ ಬೇರು ಬಿಡಬೇಕೇನು?”

“ಬಿಡ್ರಿ. ಬೇರು ಬಿಟ್ರ ಕೊಚ್ಚಿಕೊಂಡು ಹೋಗಂಗಿಲ್ಲ.”

ಅವರ ಬೈಗುಳ ಮುಗಿದಿರಲಿಲ್ಲ, ಮೇಲಿನ ತಿರುವಿನಲ್ಲಿ ನೀರು ಕಂಡಿತು. ಹರಗೋಲು ಹೊರಟಿದ್ದರೆ ನಡುಹೊಳೆಯಲ್ಲಿ ಇರುತ್ತಿತ್ತು. ನೀರು ದಂಡೆಯ ಕಲ್ಲುಗಳನ್ನು ಹೊರಳಿಸಿಕೊಂಡು, ಕಟ್ಟಿದ್ದ ಒಂದು ಖಾಲಿ ಹರಗೋಲನ್ನು ಎಳೆದುಕೊಂಡು ಹೋಯಿತು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದರು.

ಮರುದಿನ ಗಡ್ಡಿಯಲ್ಲಿ ಒಂದೇ ಮಾತು. ಸಂಜೆಯೊಳಗೆ ದಾಟಿ ಎಂದು ಸುಳ್ಳು ಕೂಗಿದವಳು ತನುಜಾ. ಮೊದಲ ಕೂಗಿನದೇ ಹೊಣೆ ಎಂಬುದು ಒಂದು ಕಾರಣ. ಮೌನೇಶ ಸದಸ್ಯನ ಮಗ ಎಂಬುದು ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು. ಪಾಸಾದದ್ದು ಯಾರ ಕೈಬಿಸಿ ಮಾಡಿಯೋ ಎಂದು ಒಬ್ಬಳು ನೀರಿನ ಕೊಡ ಇಳಿಸುತ್ತ ಕೇಳಿದಳು. ತನುಜಾ ಮನೆಯಿಂದ ಹೊರಗೆ ಬರಲಿಲ್ಲ. “ನಾ ಇದ್ದದ್ದನ್ನೇ ಓದೀನವ್ವಾ,” ಎಂದು ಅದೊಂದನ್ನೇ ಹೇಳುತ್ತಿದ್ದಳು. ಮಗಳು ಸುಳ್ಳಾಡಿದರೆ ಅವಳ ಮೇಲ್ತುಟಿ ಬಿಗಿಯುವುದು ಅಯ್ಯಾಳಮ್ಮನಿಗೆ ಗೊತ್ತು. ತುಟಿ ಬಿಗಿದಿರಲಿಲ್ಲ. ಅಯ್ಯಾಳಮ್ಮ ಪುಟವನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೊಳೆ ದಾಟಿ ಬ್ಯಾರೇಜಿನ ಬಸ್ಸು ಹತ್ತಿದಳು.

ನಿಯಂತ್ರಣ ಕೊಠಡಿ ಬ್ಯಾರೇಜಿನ ನೆತ್ತಿಯ ಮೇಲಿತ್ತು. ಗಾಜಿನ ಆಚೆ ಗೇಟುಗಳ ಸಾಲು. ಈಚೆ ಪರದೆಗಳ ಸಾಲು, ಅವುಗಳ ಮುಂದೆ ಪದ್ಮಾಕ್ಷಿ ಎಂಬ ಆಪರೇಟರ್ ಹುಡುಗಿ. ಎಂಜಿನಿಯರು ಮಲ್ಹಾರರಾವ್ ದೇಸಾಯಿ ಮರ್ಯಾದೆಯ ಮನುಷ್ಯ. ಕುರ್ಚಿ ಕೊಟ್ಟು ಚಹಾ ತರಿಸಿದ. ನಿನ್ನೆ ಕಳಿಸಿದ ಸುದ್ದಿ ಯಾವುದೆಂದು ಅಯ್ಯಾಳಮ್ಮ ಕೇಳಿದಾಗ ತನ್ನ ಹಳೆಯ ಕಂಪ್ಯೂಟರಿನಿಂದ ಗಟ್ಟಿಯಾಗಿ ಓದಿದ:

“ಎರಡೂವರೆಗೆ ನಾಲ್ಕು ಗೇಟು ತೆರೆಯಲಾಗುವುದು. ನೀರು ಹೊನ್ನಗಡ್ಡಿಗೆ ತಲುಪಲು ಒಂದೂಮುಕ್ಕಾಲು ಗಂಟೆ ಬೇಕು. ಆದರೆ ಮೇಲಿನ ಹಳ್ಳ ಹರಿಯುತ್ತಿದ್ದಲ್ಲಿ ಅದರ ಅರ್ಧದಷ್ಟು ಹೊತ್ತಿನಲ್ಲೇ ತಲುಪುವುದರಿಂದ, ಎರಡರ ನಂತರ ಯಾರೂ ದಾಟಕೂಡದು.”

“ನನ್ನ ಮಗಳು ಸಂಜಿ ಒಳಗ ದಾಟ್ರಿ ಅಂತ ಓದ್ಯಾಳ್ರೀ.”

“ಆಕಿಗೆ ಹಂಗ ಕಂಡಿರ್ತದ,” ಎಂದ ದೇಸಾಯಿ, ಬಹಳ ಸಹಜವಾಗಿ. “ಒಂದೂಮುಕ್ಕಾಲಿನ ಅರ್ಧ ಅಂದಲ್ಲಿ ಕಣ್ಣು ನಿಂತಿರ್ತದ. ‘ಆದರೆ’ ಅಂತ ಬಂದ ವಾಕ್ಯ ಉದ್ದ. ಪುಟ ಅದನ್ನ ಇಳಿಸ್ತದ. ಆಕಿಗೆ ತಿಳಿಯೋ ತನಕ ಇಳಿಸ್ತದ.”

“ತಿಳೀತಲ್ಲ! ಸುಳ್ಳು ತಿಳೀತು.”

“ಸುಳ್ಳಲ್ಲಮ್ಮ. ಸರಳ.”

ಅಯ್ಯಾಳಮ್ಮ ಸೆರಗು ಬಿಚ್ಚಿ ಪುಟ ತೆಗೆದಳು. ಅದೇ ಸುದ್ದಿಯನ್ನು ತಾನೇ ಓದಲು ತೊಡಗಿದಳು. ಪದಗಳು ಅವಳ ಕಣ್ಣಿಗೆ ಕದಲಲಿಲ್ಲ. ಒಂದೂಮುಕ್ಕಾಲಿನ ಹತ್ತಿರ ಅವಳ ನೋಟ ಹಳೆಯ ಅಭ್ಯಾಸದಂತೆ ಮುಗ್ಗರಿಸಿತು. ಮುಗ್ಗರಿಸಿದ್ದೇ ತಡ, ಸಂಖ್ಯೆ ಬೆಲ್ಲದಂತೆ ಕರಗಿ ‘ಸ್ವಲ್ಪ ಹೊತ್ತು’ ಎಂದು ಮೂಡಿತು. ಅವಳಿಗೆ ಬಟ್ಟೆ ಬಿಚ್ಚಿದಷ್ಟು ನಾಚಿಕೆಯಾಯಿತು. ಮೂರು ಸಲ ಪರೀಕ್ಷೆಯಲ್ಲಿ ಬಿದ್ದಾಗಲೂ ಅಷ್ಟು ನಾಚಿಕೆಯಾಗಿರಲಿಲ್ಲ. ಅಲ್ಲಿ ಬಿದ್ದದ್ದಾದರೂ ತನಗೆ ಗೊತ್ತಾಗಿತ್ತು.

ತಲೆಯೆತ್ತಿದಾಗ ಪದ್ಮಾಕ್ಷಿ ಕಂಡಳು. ಆ ಹುಡುಗಿ ಪರದೆ ನೋಡಿ ನಿಶ್ಚಿಂತೆಯಿಂದ ಗುಂಡಿ ಒತ್ತುತ್ತಿದ್ದಳು.

“ಆಕಿ ಯಾವ ವರ್ಷ ಪಾಸಾದಾಕಿರೀ?”

ದೇಸಾಯಿ ಪದ್ಮಾಕ್ಷಿಯ ಕಡೆ ತಿರುಗಿದ. ನಿಧಾನವಾಗಿ ಎದ್ದು ಹುಡುಗಿಯ ಬೆನ್ನ ಹಿಂದೆ ಹೋಗಿ ನಿಂತ. ಪರದೆಯ ಮೇಲೆ ‘ನೀರು ಸಾಕಷ್ಟಿದೆ’ ಎಂದಿತ್ತು. ಹುಡುಗಿ ಸರಿದು ಜಾಗ ಕೊಟ್ಟಳು. ದೇಸಾಯಿಯ ನೋಟ ಬಿದ್ದೊಡನೆ ಅದೇ ಜಾಗದಲ್ಲಿ ಅಂಕಿಗಳು ಸಾಲುಗಟ್ಟಿದವು. ಅವನು ಬಹಳ ಹೊತ್ತು ನೋಡಿದ. ತಿರುಗಿ ಬಂದು ಕೊಠಡಿಯ ಬಾಗಿಲು ಮುಂದೆ ಮಾಡಿದ.

“ಇದನ್ನ ಹೊರಗ ಆಡಬ್ಯಾಡ್ರಿ,” ಎಂದ ಸಣ್ಣ ದನಿಯಲ್ಲಿ. “ಆಡಿದ್ರ ಏನಾಗ್ತದ ಹೇಳಲಾ? ಆ ವರ್ಷದವರ ಅರ್ಹತೆನೇ ತನಿಖೆಗೆ ಹೋಗ್ತದ. ನಿಮ್ಮ ಮಗಳು ಪಾಸಾದದ್ದು ಹೋಗ್ತದ, ಕೂಗೋ ಕೆಲಸ ಹೋಗ್ತದ. ನಾ ಒಂದು ವ್ಯವಸ್ಥೆ ಮಾಡ್ತೀನಿ. ಎರಡೂ ದಂಡಿ ಕೂಗೋರ ಪುಟ ಜೋಡಿಸಿಬಿಡ್ತೀನಿ. ಇನ್ನ ಮ್ಯಾಲ ಇಬ್ಬರಿಗೂ ಒಂದೇ ಮಾತು ಕಾಣ್ತದ. ಕೂಗು ಕೂಡ್ತದ. ಜಗಳ ಇಲ್ಲ.”

ಬಸ್ಸಿನಲ್ಲಿ ಕೂತ ಮೇಲೆ ಅಯ್ಯಾಳಮ್ಮನಿಗೆ ಆ ಮಾತಿನ ಅರ್ಥ ಪೂರ್ತಿಯಾಗಿ ಹತ್ತಿತು. ಕೂಗು ಕೂಡದ್ದರಿಂದಲೇ ಅಲ್ಲವೇ ನಿನ್ನೆ ಹರಗೋಲು ನಿಂತದ್ದು? ಒಂದೇ ಸುಳ್ಳನ್ನು ಎರಡು ದಂಡೆಗೂ ಹಂಚಿದರೆ ಯಂಕೋಬ ಹುಟ್ಟು ಎತ್ತುತ್ತಾನೆ. ಬಸ್ಸಿನಲ್ಲಿದ್ದವರೆಲ್ಲ ತಮ್ಮ ತಮ್ಮ ಪುಟದಲ್ಲಿ ಮುಖವಿಟ್ಟಿದ್ದರು. ಒಬ್ಬೊಬ್ಬರ ಮುಖದ ಮೇಲೂ ಎಲ್ಲ ತಿಳಿದ ನೆಮ್ಮದಿಯಿತ್ತು. ಅವಳಿಗೆ ಭಯವಾಯಿತು.

ಮನೆಗೆ ಬಂದವಳು ಮಗಳಿಗೆ ಏನೂ ಹೇಳಲಿಲ್ಲ. ಇದ್ದಲು ತೆಗೆದುಕೊಂಡು, ಸುಣ್ಣ ಬಳಿದ ಹಿತ್ತಿಲ ಗೋಡೆಯ ಮೇಲೆ, ದೇಸಾಯಿ ಓದಿದ ಸುದ್ದಿಯನ್ನು ನೆನಪಿದ್ದಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಮಗಳನ್ನು ಕರೆದಳು.

ತನುಜಾ ಗೋಡೆಯ ಮುಂದೆ ನಿಂತಳು. ಮೊದಲ ಮೂರು ಪದ ಹೇಳಿದಳು. ನಾಲ್ಕನೆಯದರ ಹತ್ತಿರ ನಿಂತಳು. ತಾಯಿ ಕಾದಳು. ಮಗಳೂ ಕಾಯುತ್ತಿದ್ದಳು.

“ಯಾಕ ಸುಮ್ಮನಾದಿ?”

“ತಡಿ, ಇನ್ನಾ ಬಂದಿಲ್ಲ.”

“ಏನು ಬರಬೇಕು?”

“ತಿಳಿಯೋದು.”

ಗೋಡೆ ಗೋಡೆಯಾಗಿಯೇ ಇತ್ತು. ತನುಜಾ ಹತ್ತಿರ ಹೋದಳು, ದೂರ ಬಂದಳು, ಕಣ್ಣು ಕಿರಿದು ಮಾಡಿದಳು. ಕೊನೆಗೆ ಬೆರಳಿನಿಂದ ಆ ಪದವನ್ನು ಉಜ್ಜಿದಳು. ಇದ್ದಲು ಬೆರಳಿಗೆ ಹತ್ತಿತು. ಆಗ ಅಯ್ಯಾಳಮ್ಮ ಬ್ಯಾರೇಜಿನಲ್ಲಿ ಕಂಡದ್ದನ್ನೆಲ್ಲ ಹೇಳಿದಳು.

“ಹಂಗಾದ್ರ ನಾ ಪಾಸಾಗಿಲ್ಲೇನವ್ವಾ?”

ಅವಳ ಬೆರಳಿನ ಇದ್ದಲು ಒರೆಸಲು ತಾಯಿ ಸೆರಗು ಹಿಡಿದಳು, ಮಗಳು ಕೈ ಎಳೆದುಕೊಂಡಳು.

“ಒಂದನೇ ಕ್ಲಾಸಿನಿಂದ ಎಲ್ಲಾರೂ ನನಗ ಶಾಣ್ಯಾಕಿ ಅಂದ್ರು,” ಎಂದಳು ತನುಜಾ. “ಮಾಸ್ತರು ಅಂದ್ರು. ನೀನೂ ಸಕ್ಕರಿ ಹಂಚಿದಿ.”

“ಹಂಚೀನಿ.”

“ಈಗ ಹೇಳಿದ್ರ ಕೆಲಸ ಹೋಗ್ತದ. ನನ್ನ ಸಂಗಾಟ ಪಾಸಾದೋರು ಎಲ್ಲಾರೂ ಮಣ್ಣು ತಿಂತಾರ. ಊರಿಗೂರೇ ನನಗ ಉಗೀತದ. ಹೇಳದಿದ್ರ?”

“ಹೇಳದಿದ್ರ ನಿನ್ನ ಕೂಗು ನಂಬಿ ಮಂದಿ ಹರಗೋಲು ಹತ್ತತಾರ.”

ತನುಜಾ ಕೈತೊಳೆಯಲು ಹೋದಳು. ಬಹಳ ಹೊತ್ತು ತೊಳೆಯುತ್ತಿದ್ದಳು. ಮರುದಿನ ಪುಟ ಎತ್ತಿಕೊಂಡು ಎಂದಿನಂತೆ ಬಂಡೆಗೆ ಹೋದಳು. ಅವಳು ಏನು ಮಾಡುವಳೋ ಅಯ್ಯಾಳಮ್ಮನಿಗೆ ತಿಳಿಯಲಿಲ್ಲ; ಕೇಳಲು ಧೈರ್ಯವೂ ಸಾಲಲಿಲ್ಲ. ದೇಸಾಯಿ ನುಡಿದಂತೆ ಪುಟಗಳನ್ನು ಜೋಡಿಸಿದ್ದ. ಕೂಗುಗಳು ಜೋಡೆತ್ತಿನಂತೆ ಹೆಜ್ಜೆಗೆ ಹೆಜ್ಜೆ ಕೂಡಿದವು. ನೀರಿಲ್ಲದ ದಿನಗಳಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹುಡುಗಿ ತಿದ್ದಿಕೊಂಡಳು ಎಂದು ಹೆಂಗಸರು ಮೆಚ್ಚಿದರು. ಆ ಮೆಚ್ಚುಗೆ ಕೇಳಿದಾಗಲೆಲ್ಲ ಅಯ್ಯಾಳಮ್ಮ ಮಗಳ ಮುಖ ನೋಡುತ್ತಿದ್ದಳು. ಮೇಲ್ತುಟಿ ಬಿಗಿದಿರುತ್ತಿತ್ತು.

ಭಾದ್ರಪದದ ಮೊದಲ ವಾರ ಮೇಲೆ ದೊಡ್ಡ ಮಳೆಯಾಯಿತು. ಹಳ್ಳ ಕೆಂಪಾಗಿ ಹರಿಯುತ್ತಿತ್ತು. ಹೆಂಗಸರು ಕೆಲಸ ಬಿಟ್ಟು ಬೇಗನೆ ಎದುರುದಂಡೆಗೆ ಬಂದು, ಮೊದಲೇ ಹರಗೋಲಿನಲ್ಲಿ ಕೂತರು. ಯಂಕೋಬ ಹುಟ್ಟು ಹಿಡಿದು ನಿಂತ. ಅಯ್ಯಾಳಮ್ಮ ಬಂಡೆಯ ಕೆಳಗೆ ಮಗಳ ಕಾಲ ಬಳಿ ನಿಂತಿದ್ದಳು. ಪುಟಕ್ಕೆ ಸುದ್ದಿ ಬಂತು.

ತನುಜಾ ನೋಡಿದಳು. ಸಾಲುಗಳು ಅವಳ ಕಣ್ಣೆದುರು ಒಂದೊಂದಾಗಿ ಕರಗಿದವು. ಕೊನೆಗೆ ಉಳಿದದ್ದು ಚಂದದ ಎರಡು ಮಾತು: ‘ನೀರು ಬರುತ್ತದೆ. ಬೇಗ ದಾಟಿ.’ ಅವಳಿಗೆ ಅದು ಚೆನ್ನಾಗಿ ತಿಳಿಯಿತು. ಕರಗಿದ ಸಾಲುಗಳಲ್ಲಿ ಏನಿತ್ತೆಂಬುದು ಮಾತ್ರ ತಿಳಿಯಲಿಲ್ಲ. ಆಚೆ ಮೌನೇಶ ಇವಳ ಕೂಗಿಗಾಗಿ ಕಾಯುತ್ತಿದ್ದ. ಅವನ ಪುಟದಲ್ಲೂ ಅದೇ ಎರಡು ಮಾತು.

ಅವಳು ಪುಟವನ್ನು ತಾಯಿಯ ಕೈಗೆ ಕೊಟ್ಟಳು. ಎರಡೂ ಅಂಗೈಯನ್ನು ಬಾಯಿಯ ಪಕ್ಕ ಹಿಡಿದಳು.

“ನನಗ ಓದಾಕ ಬರಂಗಿಲ್ಲಾ! ನೀರಿನ ಸುದ್ದಿ ನನಗ ಗೊತ್ತಿಲ್ಲಾ!”

ಹರಗೋಲಿನಲ್ಲಿ ಕೂತ ಹೆಂಗಸೊಬ್ಬಳು ನಕ್ಕಳು, ಉಳಿದವರು ನಗಲಿಲ್ಲ. ಯಂಕೋಬ ಗಡ್ಡಿಯ ಕಡೆಗಿದ್ದ ಮುಖವನ್ನು ಮೌನೇಶನ ಕಡೆಗೆ ತಿರುಗಿಸಿ, “ನೀ ಕೂಗಪ್ಪಾ,” ಎಂದ.

ಮೌನೇಶನಿಗೆ ಮುಂದಿನ ತಿಂಗಳು ಮದುವೆ ಗೊತ್ತಾಗಿತ್ತು. ಹುಡುಗಿಯ ಕಡೆಯವರು ಓದಿದ ವರನೆಂದೇ ಒಪ್ಪಿದ್ದರು. ಅವನ ಅಪ್ಪ, ಪಂಚಾಯ್ತಿ ಸದಸ್ಯ, ದಂಡೆಯ ಮೇಲೆಯೇ ನಿಂತು ಮಗನನ್ನು ನೋಡುತ್ತಿದ್ದ. ಮೌನೇಶ ಪುಟದ ಮೇಲಿನ ಎರಡು ಮಾತು ಓದಿದ. ಕೆಂಪಗೆ ಹರಿಯುವ ಹಳ್ಳವನ್ನು ನೋಡಿದ. ಹರಗೋಲಿನಲ್ಲಿ ಕೂತ, ಗಡ್ಡಿಗೆ ಕೊಟ್ಟಿದ್ದ ತನ್ನ ಸೋದರತ್ತೆಯನ್ನು ನೋಡಿದ. ಅವನು ಬಹಳ ಹೊತ್ತು ಸುಮ್ಮನಿದ್ದನೆಂದು ಕೆಳಗಿನ ಊರಿನವರು ಹೇಳುತ್ತಾರೆ. ಒಂದುಸಿರಿನಷ್ಟು ಮಾತ್ರ ಎಂದು ಸಿದ್ಲಿಂಗವ್ವ ಹೇಳಿದಳು. ಅವಳು ಬುಟ್ಟಿ ಮಾರಲು ಗಡ್ಡಿಗೆ ಹೊರಟು ಆ ಹರಗೋಲಿನಲ್ಲಿ ಕೂತಿದ್ದವಳು.

“ನನಗ ಓದಾಕ ಬರಂಗಿಲ್ಲಾ!” ಎಂದು ಆಚೆಯಿಂದ ಮರುಕೂಗು ಬಂತು. “ನೀರಿನ ಸುದ್ದಿ ನನಗ ಗೊತ್ತಿಲ್ಲಾ!”

ಮಾತಿಗೆ ಮಾತು ಕೂಡಿತ್ತು. ಆದರೂ ಯಂಕೋಬ ಹರಗೋಲು ಬಿಡಲಿಲ್ಲ. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಇಳಿಸಿ, ದಿಬ್ಬದ ಮೇಲಕ್ಕೆ ಹತ್ತಿಸಿದ. ಅವರು ಅಲ್ಲಿ ನಿಂತಿದ್ದಾಗಲೇ ನೀರು ಬಂತು. ಈ ಸಲ ದಂಡೆಯ ಕಲ್ಲುಗಳಷ್ಟೇ ಅಲ್ಲ, ಕೆಳಗಿನ ಬೇವಿನ ಮರವೂ ಹೋಯಿತು.

ಅಂಬಿಗರ ಊರುಗಳಲ್ಲಿ ಒಂದು ದಂಡೆಯ ಕೂಗು ಮುಂದಿನ ದಂಡೆಗೆ ದಾಟುವುದು ವಾಡಿಕೆ. ಆ ಕೂಗೂ ದಾಟಿತು. ಕೆಳಗಿನ ಗಡ್ಡಿಯ ಕೂಗುಗಾರ ತಡೆದು ತಡೆದು ಕೂಗಿದ. ಅವನೆದುರಿನವಳು ಅಳುತ್ತ ಮರುಕೂಗು ಕೊಟ್ಟಳು. ಮೇಲಿನ ಕಡೆಗೂ ಹೋಯಿತು, ಹರಿವಿಗೆ ಎದುರಾಗಿ, ಊರಿಂದೂರಿಗೆ, ಎಲ್ಲೆಲ್ಲಿ ಪುಟ ಹಿಡಿದವರಿದ್ದರೋ ಅಲ್ಲೆಲ್ಲ. ಮಂಡಳಿಯವರು ತನುಜಾ, ಮೌನೇಶ ಇಬ್ಬರ ಅರ್ಹತೆಯನ್ನೂ ರದ್ದು ಮಾಡಿದ್ದು ಆಮೇಲಿನ ಮಾತು. ಮೌನೇಶನ ಮದುವೆ ಮುರಿದದ್ದೂ ಆಮೇಲಿನದು. ತನುಜಾ ಅಚ್ಚಿನ ಪುಸ್ತಕ ಹುಡುಕಿ ತಂದು, ಮೊದಲಿನಿಂದ ತೊಡಗಿದಳು. ಅವಳಿಗೆ ಹೇಳಿಕೊಡಲು ಹೋಗಿ ಅಯ್ಯಾಳಮ್ಮ ಗಣಿತದಲ್ಲಿ ನಾಲ್ಕನೆಯ ಸಲ ಬಿದ್ದಳು ಎಂದು ಓಣಿಯವರು ನಗುತ್ತಾರೆ.

ಆ ದಿನ ಕೂಗು ಕಟ್ಟಕಡೆಗೆ ಬ್ಯಾರೇಜಿನ ಕೆಳಗಿನ ಊರಿಗೆ ಮುಟ್ಟಿತು. ಅಲ್ಲಿಯವರು ಗೇಟುಗಳ ಬುಡದಲ್ಲಿ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಗಾಜಿನ ಕೊಠಡಿಯತ್ತ ಕೂಗಿದರು. ಒಳಗೆ ಆಪರೇಟರ್ ಹುಡುಗಿ ತಲೆಯೆತ್ತಿ ನೋಡಿದ್ದು ಕಾಣಿಸಿತು. ಅವಳ ಹಿಂದೆ ಬಂದು ನಿಂತ ಮನುಷ್ಯ ಕಿಟಕಿ ಮುಚ್ಚಿದ್ದೂ ಕಾಣಿಸಿತು. ಅಲ್ಲಿಂದ ಮರುಕೂಗು ಬರಲಿಲ್ಲ.

ಸಿದ್ಲಿಂಗವ್ವ ಇಷ್ಟು ಹೇಳಿ ಶೇಂಗಾದ ಮೊರ ಪಕ್ಕಕ್ಕಿಟ್ಟಳು. “ಮುಂದ?” ಎಂದು ಯಾರೋ ಕೇಳಿದರು. “ಮುಂದ ಏನದ? ಮರುಕೂಗು ಇನ್ನಾ ಬಂದಿಲ್ಲ,” ಎಂದಳು. ಕೇಳುತ್ತಿದ್ದವರು ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದರು. ಹೊಳೆಯ ಕಡೆ ಒಮ್ಮೆ ನೋಡಿ, ತಮ್ಮ ತಮ್ಮ ಮನೆಗೆ ಹೋದರು.